ಬ್ಲೋವರ್ ನಾಲ್ಕರಲ್ಲಿ ಮಾತ್ರ ತಿರುಗಿದರೆ

ನಮ್ಮ ಕಡೆ ಕಾರಿಗೆ ಹೀಟರ್ ಯಾಕೆ ಬೇಕು ಅಂತ ಕೇಳೋರು ಜುಲೈ ತಿಂಗಳಲ್ಲಿ ಒಮ್ಮೆ ಚಾರ್ಮಾಡಿ ಘಾಟಿ ಇಳಿದು ನೋಡಬೇಕು. ಹೊರಗೆ ಮಳೆ, ಒಳಗೆ ಐದು ಜನರ ಉಸಿರು, ಮುಂದಿನ ಗಾಜಿಗೆ ಹಬೆ ಕಟ್ಟಿ ರಸ್ತೆನೇ ಕಾಣಲ್ಲ. ಎಸಿ ಆಗಲಿ ಹೀಟರ್ ಆಗಲಿ, ಗಾಜಿಗೆ ಗಾಳಿ ಊದೋದು ಒಂದೇ ಬ್ಲೋವರ್. ಕಳೆದ ಮಳೆಗಾಲದಲ್ಲಿ ಮಾವನ ಹಳೇ ಕಾರಲ್ಲಿ ಅದೇ ಕೈಕೊಟ್ಟಿತು. ಸ್ವಿಚ್ 1, 2, 3ರಲ್ಲಿ ಇಟ್ಟರೆ ಉಸಿರೇ ಇಲ್ಲ, 4ಕ್ಕೆ ಹಾಕಿದರೆ ಜೋರು ಗಾಳಿ. ಗ್ಯಾರೇಜಿನಲ್ಲಿ "ಮೋಟರ್ ಹೋಗಿದೆ, ಹೊಸದು ಹಾಕಬೇಕು" ಅಂದರು.

ಮೋಟರ್ ಹೋಗಿದ್ದರೆ 4ರಲ್ಲಿ ಹೇಗೆ ತಿರುಗುತ್ತೆ?

ಹಳೇ ಮಾದರಿಯ ಕಾರುಗಳಲ್ಲಿ ವೇಗ ಕಡಿಮೆ ಮಾಡೋಕೆ ಮೋಟರ್ ಜೊತೆ ಸೀರೀಸ್‌ನಲ್ಲಿ ರೆಸಿಸ್ಟರ್ ಇರುತ್ತೆ. 1ರಲ್ಲಿ ಹೆಚ್ಚು ರೆಸಿಸ್ಟೆನ್ಸ್, 3ರಲ್ಲಿ ಕಡಿಮೆ. 4ರಲ್ಲಿ ರೆಸಿಸ್ಟರ್ ಬಿಟ್ಟು ಕರೆಂಟ್ ನೇರವಾಗಿ ಮೋಟರಿಗೆ ಹೋಗುತ್ತೆ. ಹಾಗಾಗಿ 4 ಮಾತ್ರ ಕೆಲಸ ಮಾಡಿದರೆ ಮೊದಲ ಅನುಮಾನ ರೆಸಿಸ್ಟರ್ ಮೇಲೆ. ಉಲ್ಟಾ, 4 ಮಾತ್ರ ಸತ್ತಿದ್ದರೆ ಸ್ವಿಚ್ ಅಥವಾ 4ರ ರಿಲೇ, ವೈರ್ ನೋಡಬೇಕು. ಯಾವುದರಲ್ಲೂ ತಿರುಗದಿದ್ದರೆ ಫ್ಯೂಸ್‌ನಿಂದ ಶುರು ಮಾಡಿ. (ಆಟೋಮ್ಯಾಟಿಕ್ ಎಸಿ ಇರೋ ಕಾರುಗಳಲ್ಲಿ ಸಾಮಾನ್ಯವಾಗಿ ಟ್ರಾನ್ಸಿಸ್ಟರ್ ಮಾಡ್ಯೂಲ್ ಇರುತ್ತೆ, ಈ ಲೆಕ್ಕ ಅಲ್ಲಿ ನಡೆಯಲ್ಲ.)

ರೆಸಿಸ್ಟರ್ ಯಾಕೆ ಸುಡುತ್ತೆ? ಉದಾಹರಣೆಗೆ 1.5 ಓಮ್ ಮೂಲಕ 5 ಆಂಪಿಯರ್ ಹರಿದರೆ, ಐ ಸ್ಕ್ವೇರ್ ಆರ್ ಪ್ರಕಾರ 37.5 ವ್ಯಾಟ್ ಬರೀ ಬಿಸಿ. ಅದನ್ನು ತಣ್ಣಗಿಡೋಕೆ ರೆಸಿಸ್ಟರನ್ನು ಬ್ಲೋವರ್‌ನ ಗಾಳಿ ಹೋಗೋ ದಾರಿಯಲ್ಲೇ ಕೂರಿಸಿರ್ತಾರೆ. ಕ್ಯಾಬಿನ್ ಫಿಲ್ಟರ್‌ನಲ್ಲಿ ಧೂಳು, ಒಣಗಿದ ಎಲೆ ತುಂಬಿ ಗಾಳಿ ನಿಂತರೆ ಬಿಸಿ ಏರುತ್ತೆ. ಮೋಟರಿನ ಬೇರಿಂಗ್ ಬಿಗಿಯಾಗಿದ್ದರೆ ಕರೆಂಟೂ ಜಾಸ್ತಿ ಎಳೆಯುತ್ತೆ. ಕೊನೆಗೆ ರೆಸಿಸ್ಟರ್ ಜೊತೆಗಿರೋ ಥರ್ಮಲ್ ಫ್ಯೂಸ್ ಕಡಿದುಕೊಳ್ಳುತ್ತೆ. ಅದಕ್ಕೆ ವೈರ್ ಸುತ್ತಿ ಓಡಿಸೋ ಜುಗಾಡ್ ಮಾತ್ರ ಬೇಡ, ಬೆಂಕಿ ಬೀಳದ ಹಾಗೆ ಕಾಯೋದೇ ಆ ಫ್ಯೂಸಿನ ಕೆಲಸ. ಫ್ಯೂಸ್ ಬಾಕ್ಸಲ್ಲೂ ಅಷ್ಟೇ, ಎಷ್ಟು ಆಂಪಿಯರ್ ಇತ್ತೋ ಅಷ್ಟೇದು ಹಾಕಿ.

ಮಲ್ಟಿಮೀಟರ್ ಹಿಡಿದಾಗ ನಾನು ಮಾಡಿದ ತಪ್ಪು ಹೇಳಿಬಿಡ್ತೀನಿ. ಕನೆಕ್ಟರ್ ಬಿಚ್ಚಿ ಅಳೆದೆ, 12 ವೋಲ್ಟ್ ಬಂತು, ಸಪ್ಲೈ ಸರಿ ಇದೆ ಅಂದುಕೊಂಡೆ. ಮೀಟರ್ ಎಳೆಯೋ ಕರೆಂಟ್ ತುಂಬಾ ಕಮ್ಮಿ, ಹಾಗಾಗಿ ತುಕ್ಕು ಹಿಡಿದ ಪಿನ್ ಮೂಲಕವೂ 12 ತೋರಿಸುತ್ತೆ. ಲೋಡ್ ಬಿದ್ದಾಗಲೇ ನಿಜ ಗೊತ್ತಾಗೋದು. ಕನೆಕ್ಟರ್ ಹಾಕಿ, ಬ್ಲೋವರ್ ಆನ್ ಇಟ್ಟು, ಹಿಂದಿನಿಂದ ಪಿನ್ ಮುಟ್ಟಿ ಅಳೆಯಬೇಕು. ಹಾಗೇ ಬ್ಯಾಟರಿ ಮೈನಸ್‌ಗೂ ಬ್ಲೋವರ್‌ನ ಅರ್ತ್ ವೈರಿಗೂ ನಡುವೆ ನೋಡಿ. ಒಂದು ವೋಲ್ಟ್ ಬಂದರೆ ಅರ್ತ್ ಕೆಟ್ಟಿದೆ ಅಂತ ಅರ್ಥ.

ಮಾವನ ಕಾರಲ್ಲಿ ಬ್ಯಾಟರಿ ಮೈನಸ್ ತೆಗೆದು, ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ ರೆಸಿಸ್ಟರ್ ಹೊರಗೆ ತಂದಾಗ ಥರ್ಮಲ್ ಫ್ಯೂಸ್ ಓಪನ್ ಆಗಿತ್ತು. ಕನೆಕ್ಟರಿನ ಒಂದು ಪಿನ್ ಸುತ್ತ ಪ್ಲಾಸ್ಟಿಕ್ ಕರಗಿ ಕಂದು ಬಣ್ಣಕ್ಕೆ ತಿರುಗಿತ್ತು. ರೆಸಿಸ್ಟರ್ ಒಂದೇ ಬದಲಿಸಿದ್ದರೆ ಆ ಸಡಿಲ ಪಿನ್ ಹೊಸದನ್ನೂ ಸುಡ್ತಿತ್ತು. ಎರಡೂ ಬದಲಿಸಿ ಫಿಲ್ಟರ್ ಕ್ಲೀನ್ ಮಾಡಿದೆವು. ಮೋಟರ್ ಅದೇ ಹಳೇದು, ಈಗ 1ರಲ್ಲೂ ತಿರುಗ್ತಿದೆ.