ಡ್ಯಾಂ ತುಂಬಿದರೆ ಮುಳುಗುವ ಚರ್ಚ್

ಮಳೆಗಾಲದಲ್ಲಿ ಅಪ್ಪ ಪೇಪರ್ ತೆರೆದ ಕೂಡಲೇ ಹುಡುಕುವುದು ಹೇಮಾವತಿ ಜಲಾಶಯದ ಮಟ್ಟ. 2922 ಅಡಿ ಮುಟ್ಟಿತೆಂದರೆ ಡ್ಯಾಂ ಭರ್ತಿ, ಅಪ್ಪನ ಮುಖದಲ್ಲಿ ನಗು. ಆ ನಗುವಿನ ಇನ್ನೊಂದು ಬದಿ ಶೆಟ್ಟಿಹಳ್ಳಿಯ ರೋಸರಿ ಚರ್ಚ್. ನೀರು ಏರಿದಂತೆಲ್ಲ ಅದು ಮುಳುಗುತ್ತಾ ಹೋಗುತ್ತದೆ.

ಕಳೆದ ಬೇಸಿಗೆ ರಜೆಯಲ್ಲಿ ದುದ್ದದಿಂದ ಮೂವರು ಗೆಳೆಯರು ಬೈಕಿನಲ್ಲಿ ಹಾಸನ ದಾಟಿ ಅಲ್ಲಿಗೆ ಹೋಗಿದ್ದೆವು. ಸಮುದ್ರವಿಲ್ಲದ ನಮ್ಮ ಜಿಲ್ಲೆಗೆ ಆ ಹಿನ್ನೀರೇ ಕಡಲು. ದಡದಲ್ಲಿ ದನ ಮೇಯಿಸುತ್ತಿದ್ದ ಅಜ್ಜ ಕೇಳಿದರು: 'ಏನ್ ಮಗ, ಫೋಟಾ ತೆಗೆಯಾಕೆ ಬಂದ್ರಾ? ಅಲ್ಲಿ ನೀರೈತಲ್ಲ, ಅಲ್ಲೇ ನಮ್ಮೂರಿತ್ತು.' ನಾನು ಮೊಬೈಲ್ ಜೇಬಿಗೆ ಹಾಕಿಕೊಂಡೆ.

ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದ ಚರ್ಚ್ ಇದು. ಅಬ್ಬೆ ದುಬಾಯ್ ಕಟ್ಟಿಸಿದ್ದು ಎನ್ನುವವರೂ ಇದ್ದಾರೆ. ಆದರೆ ಅವರು 1823ರಲ್ಲೇ ಫ್ರಾನ್ಸ್‌ಗೆ ಮರಳಿದ್ದರು. ಗೊರೂರಿನ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಊರಿನವರು ಬೇರೆಡೆ ಹೋದರು, ಚರ್ಚ್ ಅಲ್ಲೇ ಉಳಿಯಿತು.

ಸಿವಿಲ್ ವಿದ್ಯಾರ್ಥಿಯಾದ ನನಗೆ ಅಚ್ಚರಿ ಎನಿಸಿದ್ದು ಅದು ಇನ್ನೂ ನಿಂತಿರುವುದೇ. ಇಟ್ಟಿಗೆ, ಗಾರೆ ಎರಡೂ ನೀರು ಹೀರುತ್ತವೆ. ಮಳೆಗಾಲದಲ್ಲಿ ನೆನೆದು ಬೇಸಿಗೆಯಲ್ಲಿ ಒಣಗಿದಾಗ ಒಳಗಿನ ಲವಣ ಹರಳುಗಟ್ಟಿ ಮೇಲ್ಪದರ ಉದುರುತ್ತದೆ. ಬಿರುಕಿನಲ್ಲಿ ಬೇರು ಇಳಿಯುತ್ತದೆ. ಗೋಡೆಗಳನ್ನು ಹಿಡಿದಿಡುತ್ತಿದ್ದ ಚಾವಣಿಯೂ ಇಲ್ಲ. ಅಂಥ ಗೋಡೆ ಹತ್ತಿ ಸೆಲ್ಫಿ ತೆಗೆಯುವವರನ್ನು ಕಂಡು ಎದೆ ಝಲ್ಲೆಂದಿತು. ಕಲ್ಲಿನಲ್ಲಿ ಹೆಸರು ಕೆತ್ತುವಂತೆ ಗಾರೆಯಲ್ಲಿ ಕೆರೆದ ಪ್ರೇಮಿಗಳ ಹೆಸರುಗಳೂ ಕಂಡವು.

ಹಾಗಂತ ಡ್ಯಾಂ ಬೇಡವಿತ್ತು ಎನ್ನಲಾರೆ. ಸುಮಾರು 37 ಟಿಎಂಸಿ ನೀರು ಹಿಡಿಯುವ ಈ ಜಲಾಶಯವನ್ನು ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗದ್ದೆಗಳು ನಂಬಿಕೊಂಡಿವೆ. ಆ ನೀರಿನ ಬೆಲೆಯನ್ನು ಕೊಟ್ಟವರು ಅಜ್ಜನಂಥವರು ಎಂಬುದನ್ನು ಮರೆಯಬಾರದು, ಅಷ್ಟೇ.

ನೀರನ್ನು ತಡೆಯಲು ನಮ್ಮಿಂದಾಗದು. ಆದರೆ ಬೇಸಿಗೆಯಲ್ಲಿ ಕಟ್ಟಡವನ್ನು ಅಳೆದು, ಡ್ರೋನ್ ಚಿತ್ರಗಳಿಂದ ತ್ರೀಡಿ ಮಾದರಿ ಮಾಡಬಹುದು. ಪ್ರತಿ ವರ್ಷ ಎಷ್ಟು ಸವೆಯಿತೆಂದು ಅದರಿಂದ ಹೇಳಬಹುದು. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಇದನ್ನೇ ಆಯ್ದುಕೊಳ್ಳೋಣ ಎಂದು ಗೆಳೆಯರಿಗೆ ಹೇಳಿದ್ದೇನೆ. ಜೊತೆಗೆ ಅಜ್ಜನ ಬಾಯಿಂದ ಹಳೇ ಊರಿನ ಬೀದಿಗಳ ನಕ್ಷೆಯನ್ನೂ ಬರೆದುಕೊಳ್ಳಬೇಕು. ಆ ಬೀದಿಗಳನ್ನು ಯಾವ ಡ್ರೋನೂ ಸೆರೆಹಿಡಿಯಲಾರದು.