ಪಿಟೀಲಿಗೆ ಯಾವ ತಂತಿ?

ಗಾಯಕರು ಶ್ರುತಿ ಸೇರಿಸಿ, ಗಂಟಲು ಸರಿಪಡಿಸಿಕೊಂಡು, ವರ್ಣಕ್ಕೆ ಸಿದ್ಧರಾಗಿ ಕುಳಿತಿರುತ್ತಾರೆ. ಪಕ್ಕದಲ್ಲಿ ಪಿಟೀಲಿನವರು ಇನ್ನೂ ಬಿರಡೆ ತಿರುಗಿಸುತ್ತಲೇ ಇರುತ್ತಾರೆ. ಮುಂದಿನ ಸಾಲಿನ ರಸಿಕರು ಗಡಿಯಾರ ನೋಡಿಕೊಳ್ಳುತ್ತಾರೆ. ಈ ದೃಶ್ಯವನ್ನು ಕಾಣದವರು ವಿರಳ. ತಪ್ಪು ಕಲಾವಿದರದೆಂದೇ ನಮ್ಮ ಎಣಿಕೆ. ಆದರೆ ಎಷ್ಟೋ ವೇಳೆ ತಪ್ಪು ತಂತಿಯದು.

ನಾನು ಪಿಟೀಲು ಕಲಿಯುತ್ತಿದ್ದ ದಿನಗಳಲ್ಲಿ ಎರಡು ವರ್ಷ ಒಂದೇ ಜೊತೆ ತಂತಿಯಲ್ಲಿ ಕಾಲ ಹಾಕಿದ್ದೆ. ತಂತಿ ತುಂಡಾದರೆ ಮಾತ್ರ ಹೊಸದು ಎಂಬುದು ನಮ್ಮ ಮನೆಯ ಲೆಕ್ಕಾಚಾರ. ಸರಳೆ ವರಸೆಯಲ್ಲೇ ಮಧ್ಯಮ ಜಾರುತ್ತಿತ್ತು. ಕಿವಿ ನೆಟ್ಟಗಿಲ್ಲವೆಂದು ಮೇಷ್ಟ್ರು ಬೈಯುತ್ತಿದ್ದರು. ಸಂಗೀತ ನನಗೆ ಒಲಿಯುವುದಿಲ್ಲವೆಂದು ಬಿಟ್ಟುಬಿಡುವ ಯೋಚನೆಯೂ ಬಂದಿತ್ತು. ಒಂದು ಸಂಜೆ ಅವರೇ ನನ್ನ ಪಿಟೀಲನ್ನು ಕೈಗೆತ್ತಿಕೊಂಡು ನಾಲ್ಕು ಬಾರಿ ಕಮಾನು ಎಳೆದರು. ಕೆಳಗಿಟ್ಟು, “ಇದರಲ್ಲಿ ನಾನು ನುಡಿಸಿದರೂ ಅಪಸ್ವರವೇ ಕಣೋ” ಎಂದರು. ಹೊಸ ತಂತಿ ಬಂತು, ಮಧ್ಯಮ ನಿಂತಿತು.

ಹಳೆಯ ತಂತಿ ಏಕೆ ಹೀಗೆ ಮಾಡುತ್ತದೆ? ತಂತಿಯ ಉದ್ದಕ್ಕೂ ತೂಕ ಒಂದೇ ಸಮನಾಗಿದ್ದರೆ ಮಾತ್ರ ಸ್ವರಸ್ಥಾನಗಳು ಇರಬೇಕಾದಲ್ಲಿ ಇರುತ್ತವೆ. ಬೆರಳು ಒತ್ತುವ ಕಡೆ ಹೊರಸುತ್ತು ಸವೆಯುತ್ತದೆ, ಕಮಾನು ಓಡಾಡುವ ಕಡೆ ರಾಳದ ಪುಡಿ ಗಟ್ಟಿಯಾಗಿ ಕೂರುತ್ತದೆ. ಬಿಡಿ ತಂತಿ ಶ್ರುತಿಗೆ ಸೇರಿದರೂ ಬೆರಳಿಟ್ಟ ಸ್ವರ ಸೇರುವುದಿಲ್ಲ.

ಕರುಳು, ಉಕ್ಕು, ನೈಲಾನು

ಹಿಂದೆ ಪಿಟೀಲಿನ ತಂತಿಗಳೆಲ್ಲ ಕುರಿಯ ಕರುಳಿನವು. ‘ಕ್ಯಾಟ್‌ಗಟ್’ ಎಂಬ ಹೆಸರಿದ್ದರೂ ಬೆಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ನಾದ ತುಂಬು, ಮೃದು. ಆದರೆ ಹವೆಯ ತೇವ ಏರಿಳಿದಂತೆಲ್ಲ ಶ್ರುತಿಯೂ ಏರಿಳಿಯುತ್ತದೆ. ಉಕ್ಕಿನ ತಂತಿ ಇದಕ್ಕೆ ತದ್ವಿರುದ್ಧ. ಬೆಲೆ ಕಡಿಮೆ, ಶ್ರುತಿ ಗಟ್ಟಿ, ನಾದ ಚುರುಕು. ಕಳಪೆಯದಾದರೆ ಕಿವಿಗೆ ಇರಿಯುತ್ತದೆ. ಇವೆರಡರ ನಡುವಿನ ದಾರಿ 1970ರಲ್ಲಿ ತೆರೆಯಿತು. ವಿಯೆನ್ನಾದ ಥೊಮಾಸ್ಟಿಕ್-ಇನ್‌ಫೆಲ್ಡ್ ಸಂಸ್ಥೆ ನೈಲಾನ್ ಜಾತಿಯ ಎಳೆಗಳ ಮೇಲೆ ಲೋಹ ಸುತ್ತಿದ ‘ಡಾಮಿನೆಂಟ್’ ತಂತಿಗಳನ್ನು ಹೊರತಂದಿತು. ಕರುಳಿನ ಮಾರ್ದವಕ್ಕೆ ಸಮೀಪ, ಹವೆಯ ಕಾಟ ಕಡಿಮೆ. ಜರ್ಮನಿಯ ಪಿರಾಸ್ಟ್ರೊ, ಅಮೆರಿಕದ ಡಿ’ಅಡಾರಿಯೊ ಮುಂತಾದ ಸಂಸ್ಥೆಗಳೂ ಈ ಬಗೆಯ ತಂತಿಗಳನ್ನು ಮಾಡುತ್ತವೆ.

ನಮ್ಮ ಶ್ರುತಿ, ಅವರ ತಂತಿ

ಇಲ್ಲಿಯೇ ನಮ್ಮವರ ಕಷ್ಟ ಶುರುವಾಗುವುದು. ಈ ತಂತಿಗಳೆಲ್ಲ ಪಾಶ್ಚಾತ್ಯರ ಜಿ, ಡಿ, ಎ, ಇ ಶ್ರುತಿಗೆಂದು ತಯಾರಾದವು. ನಾವು ಕಟ್ಟಿಕೊಳ್ಳುವುದು ಸ-ಪ-ಸ-ಪ. ಗಾಯಕಿಯರಿಗೆ ಹೊಂದುವ ಐದು ಮನೆ ಶ್ರುತಿಯಲ್ಲಿ, ಎಂದರೆ ‘ಜಿ’ಯಲ್ಲಿ, ದಪ್ಪನೆಯ ಎರಡು ತಂತಿಗಳು ಅವರ ಶ್ರುತಿಯಲ್ಲೇ ನಿಲ್ಲುತ್ತವೆ, ಉಳಿದೆರಡು ಒಂದು ಸ್ವರ ಇಳಿಯುತ್ತವೆ. ಅಲ್ಲಿಗೆ ಚಿಂತೆಯಿಲ್ಲ.

ಗಾಯಕರಿಗಾಗಿ ಒಂದು ಮನೆಗೆ ಇಳಿಸಿದಾಗ ನೋಡಿ. ತಂತಿಯ ಬಿಗಿತವು ಶ್ರುತಿಯ ವರ್ಗಕ್ಕೆ ಅನುಗುಣವಾಗಿ ಬದಲಾಗುತ್ತದೆ. ಶ್ರುತಿ ಮೂರರಲ್ಲಿ ಎರಡು ಪಾಲಿಗೆ ಇಳಿದರೆ ಬಿಗಿತ ಒಂಬತ್ತರಲ್ಲಿ ನಾಲ್ಕು ಪಾಲಿಗೆ ಇಳಿಯುತ್ತದೆ. ದಪ್ಪನೆಯ ಎರಡು ತಂತಿಗಳಲ್ಲಿ ಉಳಿಯುವುದು ಇಷ್ಟೇ, ಶೇಕಡಾ 44. ತೆಳ್ಳನೆಯ ಎರಡರಲ್ಲಿ ಸುಮಾರು 35. ತಂತಿ ಸಡಿಲವಾಗಿ ಕಮಾನಿನ ಕೆಳಗೆ ಹೊಯ್ದಾಡುತ್ತದೆ. ಕಮಾನು ಸ್ವಲ್ಪ ಒತ್ತಿದರೂ ಶ್ರುತಿ ಏರುತ್ತದೆ, ನಾದ ಬಡವಾಗುತ್ತದೆ.

ಇದಕ್ಕೆ ಉಪಾಯಗಳಿವೆ. ಒಂದೇ ಹೆಸರಿನ ತಂತಿ ತೆಳು, ಮಧ್ಯಮ, ದಪ್ಪ ಎಂಬ ಅಳತೆಗಳಲ್ಲಿ ಸಿಗುವುದುಂಟು. ತಗ್ಗು ಶ್ರುತಿಯವರು ದಪ್ಪದ್ದನ್ನು ಕೇಳಿ ಪಡೆಯಬೇಕು. ಇನ್ನೊಂದು, ತಂತಿಗಳನ್ನು ಒಂದೊಂದು ಸ್ಥಾನ ಸರಿಸುವುದು. ‘ಇ’ ಇರುವಲ್ಲಿ ‘ಎ’, ‘ಎ’ ಇರುವಲ್ಲಿ ‘ಡಿ’, ‘ಡಿ’ ಇರುವಲ್ಲಿ ‘ಜಿ’ ಹಾಕಿದರೆ ಒಂದು ಮನೆಯಲ್ಲೂ ಮೊದಲೆರಡರ ಬಿಗಿತ ಶೇಕಡಾ 80ರ ಹತ್ತಿರ ಉಳಿಯುತ್ತದೆ, ಮೂರನೆಯದರದ್ದು ಪೂರ್ತಿ ಉಳಿಯುತ್ತದೆ. ನಾಲ್ಕನೆಯದಕ್ಕೆ ಪಿಟೀಲಿನ ಅಣ್ಣನಾದ ವಯೋಲಾದ ‘ಸಿ’ ತಂತಿ ಇದೆ. ಆದರೆ ದಪ್ಪ ತಂತಿಗೆ ಕುದುರೆಯ ಮೇಲಿನ ಕಚ್ಚು ಅಗಲವಾಗಬೇಕು. ಆ ಕೆಲಸ ಬಲ್ಲವರಿಂದಲೇ ಆಗಲಿ. ಹೀಗೆ ಕಟ್ಟಿದ ಪಿಟೀಲನ್ನು ಮತ್ತೆ ಐದು ಮನೆಗೆ ಏರಿಸಬಾರದು. ತಂತಿಗೂ ಮರಕ್ಕೂ ಅಪಾಯ. ಎರಡೂ ಬಗೆಯ ಕಚೇರಿಗಳಿರುವವರಿಗೆ ಎರಡು ಪಿಟೀಲುಗಳೇ ಲೇಸು.

ಹೋಲಿಸುವುದು ಹೇಗೆ?

ಗೆಳೆಯರ ಪಿಟೀಲಿನಲ್ಲಿ ಚೆನ್ನಾಗಿ ಕೇಳಿಸಿತೆಂದು ಅದೇ ತಂತಿ ತಂದರೆ ನಿರಾಶೆಯಾದೀತು. ಕೀರಲು ದನಿಯ ವಾದ್ಯಕ್ಕೆ ಮೃದು ತಂತಿ, ಮಂಕು ದನಿಯದಕ್ಕೆ ಚುರುಕು ತಂತಿ ಎಂಬುದು ಒಂದು ಸ್ಥೂಲ ಸೂತ್ರ. ಪರೀಕ್ಷೆ ನಡೆಯಬೇಕಾದದ್ದು ನಿಮ್ಮ ವಾದ್ಯದಲ್ಲಿ, ನಿಮ್ಮ ಶ್ರುತಿಯಲ್ಲಿ, ನಿಮ್ಮ ಕಮಾನಿನಲ್ಲಿ. ಹೊಸ ತಂತಿ ಹಿಗ್ಗಿ ನೆಲೆ ನಿಲ್ಲಲು ಕೆಲವು ದಿನ ಬೇಕು. ಅಲ್ಲಿಯವರೆಗೆ ತೀರ್ಪು ಬೇಡ. ಆಮೇಲೆ ಒಂದೇ ವರ್ಣವನ್ನು ಹಳೆಯದರಲ್ಲೂ ಹೊಸದರಲ್ಲೂ ನುಡಿಸಿ, ಮೊಬೈಲಿನಲ್ಲಿ ಮುದ್ರಿಸಿ ಕೇಳಿ. ಮನೆಯವರನ್ನು ಕೋಣೆಯ ಆ ತುದಿಯಲ್ಲಿ ಕೂರಿಸಿ ಕೇಳಿಸಿದರೆ ಇನ್ನೂ ಒಳ್ಳೆಯದು. ಕಿವಿಯ ಬುಡದಲ್ಲಿ ಒರಟೆನಿಸಿದ್ದು ದೂರಕ್ಕೆ ಇಂಪಾಗಿರಬಹುದು. ನಮ್ಮವರಿಗೆ ಇನ್ನೊಂದು ಪರೀಕ್ಷೆಯೂ ಇದೆ: ತೋಡಿಯ ಗಾಂಧಾರವನ್ನು ಜಾರಿಸಿ ನೋಡಿ. ಬೆರಳಿಗೆ ತಡೆ ಸಿಗದೆ ಗಮಕ ಹರಿದರೆ ಆ ತಂತಿ ನಿಮ್ಮದು.

ಚಿಕ್ಕ ಮಕ್ಕಳ ಪಿಟೀಲಿಗೆ ಒಳ್ಳೆಯ ಉಕ್ಕಿನ ತಂತಿ ಸಾಕು. ಶ್ರುತಿ ಬೇಗ ಬಿಡುವುದಿಲ್ಲ. ಅರ್ಧ, ಮುಕ್ಕಾಲು ಅಳತೆಯ ವಾದ್ಯಗಳಿಗೆ ಅದೇ ಅಳತೆಯ ತಂತಿ ಕೇಳಿ ತನ್ನಿ.

ಬದಲಾಯಿಸುವಾಗ ಒಂದೊಂದನ್ನೇ ಬಿಚ್ಚಿ ಹಾಕಿ. ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ಕುದುರೆ ಕಳಚುತ್ತದೆ, ಒಳಗಿನ ಪುಟ್ಟ ಮರದ ಕಂಬವೂ ಬೀಳಬಹುದು. ಕಚ್ಚುಗಳಿಗೆ ಪೆನ್ಸಿಲಿನ ಸೀಸ ತೀಡಿದರೆ ತಂತಿ ಸಲೀಸಾಗಿ ಜಾರುತ್ತದೆ. ನುಡಿಸಿದ ಮೇಲೆ ಒಣ ಬಟ್ಟೆಯಿಂದ ಬೆವರು, ರಾಳ ಒರೆಸಿ. ಬೆರಳಿಗೆ ಎಣ್ಣೆ ಸವರಿಕೊಳ್ಳುವವರು ಅದು ಕಮಾನಿನ ಜಾಗಕ್ಕೆ ಹರಡದಂತೆ ನೋಡಿಕೊಳ್ಳಬೇಕು. ಕಚೇರಿಯ ದಿನವೇ ಹೊಸ ತಂತಿ ಹಾಕುವ ಸಾಹಸ ಯಾರಿಗೂ ಬೇಡ.

ಧ್ವನಿವರ್ಧಕ ಅಪರೂಪವಾಗಿದ್ದ ಕಾಲದಲ್ಲಿ ಕೊನೆಯ ಸಾಲಿಗೂ ನಾದ ಮುಟ್ಟಲೆಂದು ಮೈಸೂರು ಟಿ. ಚೌಡಯ್ಯನವರು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ನುಡಿಸಿದರು. ಇಂದು ಆ ಕೆಲಸವನ್ನು ಮೈಕು ಮಾಡುತ್ತದೆ. ಆದರೆ ಶ್ರುತಿ ತಪ್ಪಿದ ತಂತಿಯನ್ನು ಸರಿಮಾಡುವ ಮೈಕು ಇಲ್ಲ. ನಿಮ್ಮ ಮಗುವಿಗೆ ಸ್ವರಜ್ಞಾನವಿಲ್ಲವೆಂದು ಯಾರಾದರೂ ಹೇಳಿದರೆ ಪಾಠ ಬಿಡಿಸುವ ಮೊದಲು ತಂತಿ ಬದಲಾಯಿಸಿ ನೋಡಿ.