ಮೊಳದುದ್ದದ ಕಾರಿಗೆ ಮೊದಲ ದುಡ್ಡು ಎಲ್ಲಿಗೆ?

ರಿಮೋಟ್ ಕಾರು ಎಂದರೆ ಜಾತ್ರೆಯಲ್ಲಿ ಕೊಂಡು, ಎರಡು ದಿನ ಓಡಿಸಿ, ಮೂರನೇ ದಿನ ಮಂಚದ ಕೆಳಗೆ ತಳ್ಳುವ ಪ್ಲಾಸ್ಟಿಕ್ ಸಾಮಾನು ಅಂತ ತಿಳಿದವರೇ ಹೆಚ್ಚು. ಅದೇ ಮನೆಯ ಮಗ ಕಾಲೇಜು ಸೇರಿದ ಮೇಲೆ ಒಂದು ದಿನ ಬಂದು, ‘ಅಪ್ಪಾ, ರೇಸಿಗೆ ಟೂರಿಂಗ್ ಕಾರು ಬೇಕು’ ಅಂತಾನೆ. ಬೆಲೆ ಕೇಳಿದ ಅಪ್ಪ ಗಲ್ಲಾಪೆಟ್ಟಿಗೆ ಮುಚ್ಚುತ್ತಾನೆ. ಮುಚ್ಚಿದ್ದರಲ್ಲಿ ತಪ್ಪೇನೂ ಇಲ್ಲ. ಹೊರದೇಶದ ಆಟಿಕೆಯ ಮೇಲಿನ ಸುಂಕ 2020ರ ಬಜೆಟ್ಟಿನಲ್ಲಿ ಶೇ. 20ರಿಂದ ಒಂದೇ ಏಟಿಗೆ ಶೇ. 60ಕ್ಕೆ ಹಾರಿತು, 2023ರಲ್ಲಿ ಶೇ. 70 ಆಯ್ತು. ಬೇಡದ ಬಿಡಿಭಾಗ ತರಿಸಿದರೆ ತಪ್ಪಿಗೂ ಸುಂಕ ಕಟ್ಟಿದ ಹಾಗೆ.

ಟೂರಿಂಗ್ ಕಾರು ಎಂದರೆ ರಸ್ತೆಯ ಕಾರಿನ ಹತ್ತನೇ ಒಂದು ಅಳತೆ. ಉದ್ದ ಒಂದು ಮೊಳದ ಆಸುಪಾಸು, ತೂಕ ಒಂದೂವರೆ ಕಿಲೋದ ಹಿಂದುಮುಂದು. ಡಾಂಬರು ಇಲ್ಲವೇ ಕಾರ್ಪೆಟ್ ಹಾಸಿದ ಸಮತಟ್ಟು ಟ್ರ್ಯಾಕಿನ ಮೇಲೆ ಐದು ನಿಮಿಷದ ಓಟ. ಈ ಹುಚ್ಚನ್ನು ಲೋಕಕ್ಕೆಲ್ಲ ಹಂಚಿದವರಲ್ಲಿ ಜಪಾನಿನ ಶಿಜುವೊಕಾ ಊರಿನ ತಮಿಯಾ ಕಂಪನಿಯವರದು ದೊಡ್ಡ ಹೆಸರು. 1976ರಲ್ಲಿ ಅವರ ಮೊದಲ ರೇಡಿಯೋ ಕಾರು ಪೋರ್ಶೆ 934 ಹೊರಬಂತು. ಮಾದರಿ ಕರಾರುವಾಕ್ಕಾಗಿ ಬರಲಿ ಅಂತ ಶುನ್‌ಸಾಕು ತಮಿಯಾ ಮಹಾಶಯರು ಅಸಲಿ ಪೋರ್ಶೆ 911 ಒಂದನ್ನು ಕೊಂಡು ನಟ್ಟು ಬೋಲ್ಟು ಬಿಚ್ಚಿ ಹರಡಿದರು. ಬಿಚ್ಚಿದ್ದೇನೋ ಆಯ್ತು, ತಿರುಗಿ ಜೋಡಿಸೋಕೆ ಪೋರ್ಶೆ ಮೆಕ್ಯಾನಿಕ್ಕುಗಳನ್ನೇ ಕರೆಸಬೇಕಾಯ್ತು!

ಅದೇ ಕಂಪನಿ 2013ರಲ್ಲಿ ತಂದ ಟಿಟಿ-02 ಎಂಬುದು ಕಲಿಯುವವರ ಕಾರು. ನಾಲ್ಕು ಗಾಲಿಗೂ ಶಕ್ತಿ ಹೋಗುತ್ತದೆ. ಹಿಂದಕ್ಕೂ ಮುಂದಕ್ಕೂ ನಡುವೆ ಒಂದೇ ಶಾಫ್ಟು. ಮೇಲಿನ ಬಾಡಿ ಪಾರದರ್ಶಕ ಪ್ಲಾಸ್ಟಿಕ್ಕು. ಕನ್ನಡಿಗೆ ಹಿಂದಿನಿಂದ ರಸ ಬಳಿದ ಹಾಗೆ ಇದಕ್ಕೆ ಒಳಗಿನಿಂದ ಬಣ್ಣ. ಗೋಡೆಗೆ ಉಜ್ಜಿದರೂ ಬಣ್ಣ ಏಳುವುದಿಲ್ಲ.

ಪೆಟ್ಟಿಗೆ ಬಿಚ್ಚಿ ಜೋಡಿಸಿದ ವಾರಕ್ಕೇ ಹುಡುಗರ ಕಣ್ಣು ಬೀಳುವುದು ಮೋಟಾರಿನ ಮೇಲೆ. ‘ದೊಡ್ಡ ಮೋಟಾರು ಹಾಕಿದ್ರೆ ಗೆದ್ದಂಗೇ’ ಅನ್ನುವುದು ಎಲ್ಲ ದೇಶದ ಹುಡುಗರ ವೇದವಾಕ್ಯ. ಹಾಕುತ್ತಾರೆ. ನೇರ ದಾರಿಯಲ್ಲಿ ಕಾರು ಬಾಣದಂತೆ ಹೋಗುತ್ತದೆ, ತಿರುವಿನಲ್ಲಿ ಗಿರಗಿಟ್ಲೆಯಂತೆ ಸುತ್ತಿ ಗೋಡೆಗೆ ಹೊಡೆಯುತ್ತದೆ. ಮಾರನೇ ದಿನ ಮುರಿದ ತೋಳಿಗೆ ಆರ್ಡರು. ಇದರಲ್ಲಿ ಉದ್ಧಾರವಾಗುವವನು ಬಿಡಿಭಾಗ ಮಾರುವವನೊಬ್ಬನೇ.

ಮೊದಲ ದುಡ್ಡು ಹೋಗಬೇಕಾದ್ದು ಬೇರಿಂಗಿಗೆ. ಬೆಲೆ ಕಡಿಮೆ ಇಡಲು ಈ ಕಿಟ್ಟಿನಲ್ಲಿ ಗಾಲಿಗೂ ಗೇರಿಗೂ ಪ್ಲಾಸ್ಟಿಕ್ ಬುಶ್ ಕೊಟ್ಟಿರುತ್ತಾರೆ. ಧೂಳು ಕುಡಿದು ಅವು ಬೇಗ ಸವೆಯುತ್ತವೆ, ಗಾಲಿ ಅಲ್ಲಾಡುತ್ತದೆ. ಐದು ಮಿಲಿಮೀಟರ್ ತೂತಿನ ಪುಟ್ಟ ಬಾಲ್ ಬೇರಿಂಗು ಕೂರಿಸಿದರೆ ಅದೇ ಮೋಟಾರು, ಅದೇ ಬ್ಯಾಟರಿ, ಆದರೂ ಕಾರು ಹಗುರಾಗಿ ಓಡುತ್ತದೆ. ಸೈಕಲ್ ರಿಪೇರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ಟೈರು. ನೆಲ ಹಿಡಿಯದ ಕಾರಿಗೆ ಮೋಟಾರು ಎಷ್ಟಿದ್ದರೇನು? ಒಳಗೆ ಫೋಮಿನ ಬಳೆ ಇಟ್ಟ ನುಣುಪು ರಬ್ಬರ್ ಟೈರನ್ನು ರಿಮ್ಮಿಗೆ ಅಂಟು ಹಾಕಿ ಕೂರಿಸಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಕಳಚಿಕೊಳ್ಳುತ್ತದೆ. ಮೂರನೆಯದು ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರು. ಟಿಟಿ-02ರ ಸಾದಾ ಕಿಟ್ಟಿನಲ್ಲಿ ಬರುವುದು ಬರೀ ಸ್ಪ್ರಿಂಗು ಸಿಕ್ಕಿಸಿದ ಕಡ್ಡಿ. ನೆಲ ಸ್ವಲ್ಪ ಏರುಪೇರಾದರೂ ಕಾರು ಕುಪ್ಪಳಿಸುತ್ತದೆ.

ನೀಲಿ ಬಣ್ಣದ ಅಲ್ಯೂಮಿನಿಯಂ ಭಾಗಗಳ ವಿಷಯ ಬೇರೆ. ನೋಡಲು ಒಡವೆ ಇದ್ದ ಹಾಗೆ, ಬೆಲೆಯೂ ಹಾಗೇ. ಕೆಲವು ಕೆಲಸಕ್ಕೆ ಬರುತ್ತವೆ, ಇಲ್ಲವೆನ್ನಲಾಗದು. ಆದರೆ ಗೋಡೆಗೆ ಹೊಡೆದಾಗ ಪ್ಲಾಸ್ಟಿಕ್ ತೋಳು ಬಾಗಿ ಏಟು ನುಂಗಿಕೊಳ್ಳುತ್ತದೆ. ಲೋಹದ ತೋಳು ಏಟನ್ನು ಪಕ್ಕದ ಭಾಗಕ್ಕೆ ದಾಟಿಸುತ್ತದೆ, ಇಲ್ಲವೇ ತಾನೇ ಸೊಟ್ಟಗಾಗಿ ಹಾಗೇ ಉಳಿಯುತ್ತದೆ.

ಇನ್ನು ಕಾಸೇ ಬೇಡದ ಕೆಲಸಗಳು. ಕಾರನ್ನು ಸಮತಟ್ಟು ಗಾಜಿನ ಮೇಲಿಟ್ಟು, ಮುಂಭಾಗದ ನಟ್ಟನಡುವೆ ಸ್ಕ್ರೂಡ್ರೈವರ್ ತುದಿ ಕೊಟ್ಟು ಮೆಲ್ಲಗೆ ಎತ್ತಿ. ಎರಡೂ ಗಾಲಿ ಒಟ್ಟಿಗೆ ಎದ್ದರೆ ಸರಿ. ಒಂದು ಮೊದಲು ಎದ್ದರೆ ಚಾಸಿ ತಿರುಚಿಕೊಂಡಿದೆ ಅಥವಾ ಸ್ಪ್ರಿಂಗು ಸಮ ಇಲ್ಲ. ಅಂಥ ಕಾರು ಎಡಕ್ಕೊಂದು ಥರ, ಬಲಕ್ಕೊಂದು ಥರ ತಿರುಗುತ್ತದೆ. ಗಾಲಿಯ ಮೇಲ್ತುದಿ ಒಂದೂವರೆ ಎರಡು ಡಿಗ್ರಿ ಒಳಕ್ಕೆ ವಾಲಿರಲಿ. ಹಿಂದಿನ ಗಾಲಿಗಳ ಮೂತಿ ಎರಡು ಮೂರು ಡಿಗ್ರಿ ಒಳಮುಖವಾಗಿದ್ದರೆ ಬಾಲ ಹೊಡೆಯುವುದು ತಗ್ಗುತ್ತದೆ. ಲಾರಿಗೆ ವೀಲ್ ಅಲೈನ್‌ಮೆಂಟ್ ಮಾಡಿಸುವುದಿಲ್ಲವೇ, ಅದೇ ವಿದ್ಯೆ. ಬದಲಾಯಿಸುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ. ಖಾತೆ ಬರೆದ ಹಾಗೆ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ನಾಲ್ಕು ಒಟ್ಟಿಗೆ ತಿರುಗಿಸಿ, ಯಾವುದರಿಂದ ಸರಿಹೋಯ್ತು ಅಂತ ತಲೆ ಕೆರೆದುಕೊಂಡರೆ ಯಾರೂ ಹೇಳಲಾರರು.

ಇಷ್ಟೆಲ್ಲ ಆದ ಮೇಲೆ ವೇಗ. ಈ ಕಾರಿನ ಪಿನಿಯನ್ನಿಗೆ 22 ಹಲ್ಲು, ಅದು ತಿರುಗಿಸುವ ದೊಡ್ಡ ಗೇರಿಗೆ 70, ಒಳಗಿನ ಗೇರಿನದು 2.6ರ ಲೆಕ್ಕ. ಗಾಲಿ ಒಂದು ಸುತ್ತು ಬರಲು ಮೋಟಾರು ಸುಮಾರು 8.27 ಸುತ್ತು ತಿರುಗಬೇಕು. ಪಿನಿಯನ್ನಿಗೆ ಒಂದೆರಡು ಹಲ್ಲು ಜಾಸ್ತಿ ಮಾಡಿದರೆ ವೇಗ ಏರುತ್ತದೆ, ಬಿಸಿಯೂ ಏರುತ್ತದೆ. ಓಡಿಸಿ ಬಂದ ಕೂಡಲೇ ಮೋಟಾರು ಮುಟ್ಟಲಾರದಷ್ಟು ಕಾದಿದ್ದರೆ ಹಲ್ಲು ಇಳಿಸಬೇಕು. ಹೊರದೇಶದ ಕ್ಲಬ್ಬುಗಳು ಎಲ್ಲರಿಗೂ ಒಂದೇ ಸಾದಾ ಡಬ್ಬಿ ಮೋಟಾರು ಎಂಬ ಪಂದ್ಯ ಇಡುವುದು ಸುಮ್ಮನೆ ಅಲ್ಲ. ಅಲ್ಲಿ ಸಾಹುಕಾರನ ಮಗನೂ ಗುಮಾಸ್ತನ ಮಗನೂ ಒಂದೇ ಗೆರೆಯ ಮೇಲೆ ನಿಲ್ಲುತ್ತಾರೆ; ಸೆಟ್ಟಿಂಗು, ಕೈಚಳಕ ಇದ್ದವನು ಮುಂದೆ ಹೋಗುತ್ತಾನೆ. ಜರ್ಮನಿಯ ಮಾರ್ಕ್ ರೈನಾರ್ಡ್ 2004, 2008, 2010ರಲ್ಲಿ ಟೂರಿಂಗ್ ಕಾರಿನ ವಿಶ್ವ ಪಟ್ಟ ಗೆದ್ದ. ಅಲ್ಲಿ ಎಲ್ಲರ ಹತ್ತಿರವೂ ಒಳ್ಳೆ ಮೋಟಾರೇ ಇತ್ತು.

ಮನೆಯವರು ಕಣ್ಣಿಡಬೇಕಾದ್ದು ಬ್ಯಾಟರಿಯ ಮೇಲೆ. ಈಗ ಹೆಚ್ಚಾಗಿ ಬಳಸುವುದು ಎರಡು ಸೆಲ್ಲಿನ ಲಿಥಿಯಂ ಪಾಲಿಮರ್, 7.4 ವೋಲ್ಟು. ಸೆಲ್ಲೊಂದಕ್ಕೆ 4.2 ವೋಲ್ಟ್ ದಾಟಿ ತುಂಬಿಸಿದರೆ ಬೆಂಕಿ ಹೊತ್ತಿಕೊಳ್ಳಬಹುದು, 3ಕ್ಕಿಂತ ಕೆಳಗಿಳಿಸಿದರೆ ಸೆಲ್ಲು ಕೆಡುತ್ತದೆ. ಎರಡೂ ಸೆಲ್ಲನ್ನು ಸಮ ತೂಗಿಸುವ, ಅದಕ್ಕೆಂದೇ ಮಾಡಿದ ಚಾರ್ಜರು ಬೇಕು. ಇಲ್ಲಿ ಉಳಿತಾಯ ಬೇಡ. ಊದಿಕೊಂಡ ಬ್ಯಾಟರಿಯನ್ನು ‘ಇನ್ನೊಂದು ರೇಸು ಬರತ್ತೆ’ ಅಂತ ಬಳಸುವುದೂ ಬೇಡ. ಹಾಸಿಗೆಯ ಮೇಲೆ, ಬಟ್ಟೆಯ ಪಕ್ಕ, ಅಂಗಡಿಯ ರಟ್ಟಿನ ಪೆಟ್ಟಿಗೆಗಳ ನಡುವೆ ಚಾರ್ಜಿಗೆ ಹಾಕಿ ಮಲಗುವುದಂತೂ ಕೂಡದು. ಬರೀ ಸಿಮೆಂಟು ನೆಲ, ಬೆಂಕಿ ತಡೆಯುವ ಚೀಲ, ಪಕ್ಕದಲ್ಲಿ ಎಚ್ಚರವಾಗಿ ಕೂತ ಒಬ್ಬ ಮನುಷ್ಯ.